ಉಳಿದ ತುಣುಕುಗಳ ಸೈನ್ಯ

ಒಂದು ವಸ್ತುವಿನ ಬಾಳು ಯಾವಾಗ ಮುಗಿಯುತ್ತದೆ? ಮುರಿದಾಗ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಅದರಲ್ಲಿ ಮತ್ತೊಂದು ರೂಪವನ್ನು ಕಾಣುವ ಕಣ್ಣು ಇರುವವರೆಗೂ ಅದಕ್ಕೆ ಆಯುಷ್ಯವುಂಟೆಂಬುದನ್ನು ಬೀಳಗಿ ತಾಲೂಕಿನ ನಮ್ಮ ಮನೆಯಲ್ಲಿ ಮೊಮ್ಮಗನ ಕೈಗೆಲಸವು ನನಗೆ ಮನಗಾಣಿಸಿದೆ.

ಹೈಸ್ಕೂಲಿನಲ್ಲಿ ಓದುತ್ತಿರುವ ಈ ಹುಡುಗನು ಬೆರಳುದ್ದದ ಯೋಧರನ್ನು, ರಾಕ್ಷಸರನ್ನು, ರೆಕ್ಕೆಯುಳ್ಳ ಸರ್ಪಗಳನ್ನು ಕಟ್ಟುತ್ತಾನೆ. ಇಂಥ ಬೊಂಬೆಗಳಿಂದ ಮೇಜಿನ ಮೇಲೆ ಯುದ್ಧ ಹೂಡುವುದು ಹೊರದೇಶಗಳಲ್ಲಿ ದೊಡ್ಡವರ ಆಟವೂ ಹೌದು. ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿಯೇ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟಿಕೆ ಸಿಪಾಯಿಗಳ ಕಾಳಗಕ್ಕೆ ನಿಯಮಗಳನ್ನು ಬರೆದನು. 1983ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ವಾರ್‌ಹ್ಯಾಮರ್’ ಆಟದಲ್ಲಿ ಕಲ್ಪನಾಲೋಕದ ದೈತ್ಯರೂ ಪಿಶಾಚಿಗಳೂ ಸೈನಿಕರಾದರು. ಅಲ್ಲಿನ ಹವ್ಯಾಸಿಗಳು ಒಂದು ಪೆಟ್ಟಿಗೆಯಲ್ಲಿ ಉಳಿದ ತಲೆ, ಇನ್ನೊಂದರಲ್ಲಿ ಉಳಿದ ತೋಳು, ಆಯುಧಗಳನ್ನು ಕೂಡಿಸಿ ಅಂಗಡಿಯಲ್ಲಿ ದೊರೆಯದ ವೀರನನ್ನು ನಿಲ್ಲಿಸುತ್ತಾರೆ.

ನಮ್ಮವನಿಗೆ ಅಂಥ ಪೆಟ್ಟಿಗೆಗಳಿಲ್ಲ. ಜಾತ್ರೆಯಲ್ಲಿ ಕೊಂಡು ಮುರಿದ ಆಟಿಕೆ, ಪೆನ್ನಿನ ಟೊಪ್ಪಿಗೆ, ಕೊಡೆಯ ಕಡ್ಡಿ, ಕೆಟ್ಟ ಗಡಿಯಾರದ ಹಲ್ಲುಗಾಲಿ ಇವೇ ಅವನ ಬಂಡವಾಳ. ಕೊಯ್ದು, ಅರದಿಂದ ಉಜ್ಜಿ, ಅಂಟಿಸಿ, ಸಂದುಗಳಿಗೆ ಎಂ-ಸೀಲ್ ತುಂಬುತ್ತಾನೆ. ಮೊದಲು ಮೈತುಂಬ ಒಂದೇ ಬಣ್ಣದ ತೆಳುವಾದ ಲೇಪ; ಆಗ ಹತ್ತು ಕಡೆಯ ತುಣುಕುಗಳು ಒಂದೇ ದೇಹವಾಗುತ್ತವೆ. ಬಳಿಕ ಮೂಲಬಣ್ಣ, ತಗ್ಗುಗಳಿಗೆ ನೀರಾಗಿಸಿದ ಕಪ್ಪು, ಉಬ್ಬುಗಳ ಮೇಲೆ ಒಣ ಕುಂಚದಿಂದ ತಿಳಿಬಣ್ಣ.

ಕೊಪ್ಪಳ ಸಮೀಪದ ಕಿನ್ನಾಳದ ಚಿತ್ರಗಾರರು ಈ ಮರ್ಮವನ್ನು ಬಹುಕಾಲದಿಂದ ಬಲ್ಲರು. ಹಗುರ ಮರದ ಭಾಗಗಳನ್ನು ಜೋಡಿಸಲು ಅವರು ಬಳಸುವ ಕಿಟ್ಟವು ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟುಗಳಿಂದಾದುದು. ಎಸೆಯತಕ್ಕ ಪದಾರ್ಥವೇ ಅಲ್ಲಿ ದೇವರ ಮೂರ್ತಿಗೆ ಮೈಯಾಗುತ್ತದೆ. ಅಷ್ಟು ದೂರವೇಕೆ? ದೀಪಾವಳಿಯ ಪಾಡ್ಯದಂದು ನಮ್ಮ ಸೀಮೆಯ ತಾಯಂದಿರು ಹಟ್ಟಿಯ ಸಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂ ಸಿಕ್ಕಿಸಿ ಬಾಗಿಲಲ್ಲಿ ಕೂಡಿಸುವುದಿಲ್ಲವೇ? ಭೀಮಾರ್ಜುನರ ಆ ಪುಟ್ಟ ಸೈನ್ಯಕ್ಕೆ ಯಾವ ಅಂಗಡಿಯೂ ಬೇಕಾಗಲಿಲ್ಲ.

ನಮ್ಮ ಹಳ್ಳಿಯು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೋದಾಗ ಹಳೆಯ ಮನೆಯನ್ನು ಬಿಚ್ಚಿ ತೊಲೆ, ಕಂಬ, ಬಾಗಿಲುಗಳನ್ನು ಪುನರ್ವಸತಿ ಕೇಂದ್ರಕ್ಕೆ ಹೇರಿಕೊಂಡು ಬಂದೆವು. ತಲೆಬಾಗಿಲು ಹೊಸ ಗೋಡೆಗೆ ನಾಲ್ಕು ಬೆರಳು ದೊಡ್ಡದಾಯಿತು. ಬಡಿಗನು ಕೊಯ್ಯಲು ಗರಗಸ ಎತ್ತಿದಾಗ ನಮ್ಮ ಮನೆಯಾಕೆ ತಡೆದಳು. ಗೋಡೆಯನ್ನೇ ಒಡೆದು ಸರಿಪಡಿಸಿದೆವು. ಹಟ್ಟಿಯೂ ಎತ್ತುಗಳೂ ಮಾತ್ರ ನಮ್ಮೊಡನೆ ಬರಲಿಲ್ಲ. ಇಂದು ಪಾಂಡವರಿಗೆ ಬೇಕಾದ ಸಗಣಿಯನ್ನು ನೆರೆಮನೆಯಿಂದ ಕೇಳಿ ತರುತ್ತೇವೆ. ಆದರೂ ಐವರೂ ಪ್ರತಿವರ್ಷ ತಪ್ಪದೆ ಆ ಬಾಗಿಲಿಗೇ ಬಂದು ಕೂಡುತ್ತಾರೆ.

ಆ ತೊಲೆಯಿಂದ ಉಳಿದಿದ್ದ ಚಕ್ಕೆಯೊಂದು ಈಚೆಗೆ ಮೊಮ್ಮಗನ ಯೋಧನಿಗೆ ಪೀಠವಾಗಿದೆ. ಯೋಧನ ಮೈಯೆಲ್ಲ ಬಣ್ಣ. ಪೀಠಕ್ಕೆ ಮಾತ್ರ ಇಲ್ಲ. ಏಕೆಂದು ಕೇಳಿದೆ. “ಅಜ್ಜಾ, ಇದು ನಮ್ಮ ಹಳೇ ಮನೀದು. ಹಂಗ ಇರ್ಲಿ” ಎಂದನು. ಅವನು ಆ ಮನೆಯನ್ನು ಕಂಡವನಲ್ಲ.

ಓದುಗ ಬಂಧುಗಳ ಅಟ್ಟಗಳಲ್ಲಿಯೂ ಇಂಥ ತುಣುಕುಗಳಿರಬಹುದು. ಅವನ್ನು ಮಕ್ಕಳ ಕೈಗೆ ಕೊಡಿರಿ. ಕೊಡುವಾಗ ಎಲ್ಲಿಂದ ಬಂದವೆಂಬುದನ್ನೂ ಹೇಳಿರಿ. ಬೊಂಬೆಯೊಡನೆ ಒಂದು ಊರೂ ಉಳಿದೀತು.