ಕೇಳದ ಸದ್ದು

ಕಲಾವಿಭಾಗದವನು ವಿಜ್ಞಾನ ಬರೆದರೆ ನಗುವವರುಂಟು. ನಗಲಿ. ನನಗೆ ಈ ವಿಷಯದ ಗೀಳು ಹತ್ತಿಸಿದ್ದು ನನ್ನ ಸೋದರಮಾವನ ಕಾಲು. ತೊಡೆಯ ರಕ್ತನಾಳ ಕಟ್ಟಿಕೊಂಡು ಅವರಿಗೆ ನೂರು ಹೆಜ್ಜೆ ನಡೆಯುವುದೂ ಕಷ್ಟವಾಗಿತ್ತು. ವೈದ್ಯರು ನಾಳದೊಳಗೆ ಪುಟ್ಟ ಬಲೂನೊಂದನ್ನು ತೂರಿಸಿ, ಉಬ್ಬಿಸಿ, ದಾರಿ ಬಿಡಿಸಿದರು. ವರ್ಷ ತುಂಬುವುದರೊಳಗೆ ಅದೇ ಜಾಗ ಮತ್ತೆ ಕಿರಿದಾಯಿತು. ಬಲೂನಿನಿಂದ ಗಾಯಗೊಂಡ ಗೋಡೆ, ಮಾಯುವ ಆತುರದಲ್ಲಿ ಅತಿಯಾಗಿ ಬೆಳೆದುಬಿಡುವುದುಂಟಂತೆ.

“ಸಾಕು ನಿಲ್ಲಿಸು ಎಂದು ಆ ಗೋಡೆಗೆ ಹೇಳುವವರು ಯಾರೂ ಇಲ್ಲವೇನೋ?” ಎಂದರು ಮಾವ.

ವಂಶವಾಹಿ ಹೇಳಬಲ್ಲದು. ತಕ್ಕ ವಂಶವಾಹಿಯನ್ನು ಗೋಡೆಯ ಜೀವಕೋಶಗಳೊಳಗೆ ಸೇರಿಸಿದರೆ, ಬೆಳವಣಿಗೆಯನ್ನು ತಡೆಯುವ ಪ್ರೋಟೀನನ್ನು ಅವೇ ತಯಾರಿಸಿಕೊಂಡಾವು ಎಂಬುದು ಸಂಶೋಧಕರ ಲೆಕ್ಕ. ತೊಡಕೆಲ್ಲ ಸೇರಿಸುವುದರಲ್ಲಿದೆ. ರಕ್ತಕ್ಕೆ ಬಿಟ್ಟ ಬರಿಯ ಡಿ.ಎನ್.ಎ.ಯನ್ನು ಅಲ್ಲಿನ ಕಿಣ್ವಗಳು ಕತ್ತರಿಸುತ್ತವೆ. ಉಳಿದದ್ದನ್ನು ಪ್ರವಾಹ ಒಯ್ಯುತ್ತದೆ. ಗೋಡೆ ಮುಟ್ಟಿದ್ದನ್ನು ಕೋಶದ ಪೊರೆ ಸುಲಭವಾಗಿ ಒಳಬಿಡದು. ವೈರಸ್ಸಿನ ಬೆನ್ನೇರಿಸಿ ಕಳುಹಿಸಬಹುದು, ಆದರೆ ದೇಹ ಅದರ ಮೇಲೆ ತಿರುಗಿಬಿದ್ದರೆ? 1999ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯಕೃತ್ತಿನ ರೋಗಕ್ಕಾಗಿ ನಡೆದ ಅಂಥ ಪ್ರಯೋಗದಲ್ಲಿ ಜೆಸ್ಸಿ ಗೆಲ್ಸಿಂಗರ್ ನಾಲ್ಕೇ ದಿನಗಳಲ್ಲಿ ತೀರಿಕೊಂಡ. ಅವನಿಗೆ 18 ವರ್ಷ, ನನಗಿಂತ ಒಂದು ವರ್ಷ ಚಿಕ್ಕವನು. ಆ ಸಾಲನ್ನು ಓದಿದ ದಿನ ಪುಸ್ತಕ ಮುಂದೆ ಸಾಗಲಿಲ್ಲ.

ವೈರಸ್ಸಿಲ್ಲದೆ ಒಳಹೊಗುವ ದಾರಿಗಳಲ್ಲಿ ಧ್ವನಿಯೂ ಒಂದು. ಸೆಕೆಂಡಿಗೆ 20,000ಕ್ಕೂ ಮೀರಿ ಕಂಪಿಸುವ, ನಮ್ಮ ಕಿವಿಗೆ ನಿಲುಕದ ಧ್ವನಿ. ಮಾವನ ರಕ್ತನಾಳವನ್ನು ಹೊರಗಿನಿಂದ ನೋಡಿದ್ದೂ ಇಂಥದರಿಂದಲೇ. ಕೆಂಪು ರಕ್ತಕಣಕ್ಕಿಂತ ಕಿರಿದಾದ ಅನಿಲದ ಗುಳ್ಳೆಗಳಿಗೆ ಕೊಬ್ಬಿನ ತೆಳ್ಳನೆಯ ಕವಚ ತೊಡಿಸಿ, ಡಿ.ಎನ್.ಎ. ಅಂಟಿಸಿ ರಕ್ತಕ್ಕೆ ಬಿಡುತ್ತಾರೆ. (ಇಂಥ ಗುಳ್ಳೆಗಳು ಮೊದಲು ಬಂದದ್ದು ಚಿತ್ರ ಸ್ಪಷ್ಟವಾಗಿ ಕಾಣಲೆಂದು!) ಬೇಕಾದ ಜಾಗಕ್ಕೆ ಧ್ವನಿ ಹಾಯಿಸಿದೊಡನೆ ಗುಳ್ಳೆಗಳು ಹಿಗ್ಗಿ ಕುಗ್ಗಿ ಕುಣಿಯುತ್ತವೆ, ಒಡೆಯುತ್ತವೆ. ಆ ರಭಸಕ್ಕೆ ಪಕ್ಕದ ಕೋಶದ ಪೊರೆಯಲ್ಲಿ ಸಣ್ಣ ರಂಧ್ರಗಳು ಬೀಳುತ್ತವೆ. ಅವು ಮುಚ್ಚಿಕೊಳ್ಳುವ ಮುನ್ನ ಡಿ.ಎನ್.ಎ. ನುಸುಳಬೇಕು. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷಗಳ ಅವಕಾಶ. ಧ್ವನಿ ಮೆದುವಾದರೆ ಏನೂ ಆಗದು. ಬಿರುಸಾದರೆ ಕೋಶ ಸತ್ತೀತು, ಸಣ್ಣ ನಾಳಗಳು ಒಡೆದಾವು.

ಪ್ರಾಣಿಗಳಲ್ಲಿ ಫಲ ಕಂಡಿದ್ದಾರೆ. ಮನುಷ್ಯರ ರಕ್ತನಾಳಗಳಿಗೆ ಇದಿನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ. ಪೊರೆ ದಾಟಿದ ಡಿ.ಎನ್.ಎ. ಕೋಶಕೇಂದ್ರದ ಒಳಗೂ ಹೋಗಬೇಕಷ್ಟೆ. ಬಹುಪಾಲು ಆ ಎರಡನೆಯ ಬಾಗಿಲಿನ ಹೊರಗೇ ಉಳಿದುಬಿಡುತ್ತದೆ.