ಗಾಯ ಎಲ್ಲಿದೆ?

ಹೋದ ವರ್ಷ ಮಗ್ರಿಬ್ ಹೊತ್ತಿಗೆ ಅಂಗಡಿಯಿಂದ ಬರುತ್ತಿದ್ದ ನನ್ನ ಖಾಲಾ ಅವರ ಕೊರಳಿನ ಸರವನ್ನು ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋದರು. ಖಾಲಾ ಬಿದ್ದರು. ಕುತ್ತಿಗೆಯ ಗೀರು, ಮೊಣಕೈ ತರಚು ಹದಿನೈದು ದಿನಗಳಲ್ಲಿ ವಾಸಿಯಾದವು. ಆದರೆ ಬೈಕಿನ ಸದ್ದು ಕೇಳಿದರೆ ಈಗಲೂ ಅವರ ಕೈ ನಡುಗುತ್ತದೆ. ಬ್ಲೌಸ್ ಹೊಲಿದು ಮನೆ ನಡೆಸುತ್ತಿದ್ದವರು ಮಷೀನಿನ ಮುಂದೆ ಕೂರುವುದಿಲ್ಲ, ಒಬ್ಬರೇ ಗೇಟು ದಾಟುವುದಿಲ್ಲ.

ಕಳ್ಳರು ಸಿಗಲಿಲ್ಲ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಬಹುದು ಎಂದು ಪಕ್ಕದ ಬೀದಿಯ ವಕೀಲರು ಹೇಳಿದರು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮಿನಲ್ಲಿದ್ದ ಈ ಹಕ್ಕು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಲ್ಲಿದೆ.

ಮನೆಯಲ್ಲಿ ಕನ್ನಡ ಸರಿಯಾಗಿ ಬರೆಯುವವಳು ನಾನೊಬ್ಬಳೇ. ಖಾಲಾ 'ಘಬರಾಹಟ್' ಅಂದರು. ನಾನು 'ಭಯ' ಎಂದು ಬರೆದೆ, ಹೊಡೆದು ಹಾಕಿ 'ಗಾಬರಿ' ಎಂದೆ. ಎರಡೂ ಸಾಲದೆನಿಸಿತು. (ಉರ್ದುವಿನಲ್ಲಿ ಬರೆಯಲು ಹೇಳಿದ್ದರೂ ಇದೇ ಕಷ್ಟವಾಗುತ್ತಿತ್ತೇನೋ!)

ಕೌಂಟರಿನಲ್ಲಿದ್ದವರು ಅರ್ಜಿ ನೋಡಿ, "ಗಾಯ ಎಲ್ಲಿದೆ? ಅಂಗವಿಕಲತೆ ಎಷ್ಟು ಪರ್ಸೆಂಟ್?" ಎಂದು ಕೇಳಿದರು. ಖಾಲಾ ದುಪಟ್ಟಾ ಸರಿಪಡಿಸಿಕೊಂಡು ಸುಮ್ಮನೆ ನಿಂತರು. ನಾವು ವಾಪಸ್ ಬಂದೆವು.

ಆ ಪರ್ಸೆಂಟ್ ಬೇರೆಯದೇ ಲೆಕ್ಕ ಎಂದು ನನಗೆ ಆಮೇಲೆ ತಿಳಿಯಿತು. ಮಾನಸಿಕ ಕಾಯಿಲೆಯ ಅಂಗವಿಕಲತಾ ಪ್ರಮಾಣಪತ್ರಕ್ಕೆ 'ಐಡಿಯಾಸ್' ಎಂಬ ಮಾಪಕವಿದೆ. ತನ್ನ ಆರೈಕೆ, ಜನರೊಂದಿಗೆ ಬೆರೆಯುವುದು, ಮಾತು ಮತ್ತು ತಿಳುವಳಿಕೆ, ಕೆಲಸ ಈ ನಾಲ್ಕಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೂ ಅಂಕ. ಒಟ್ಟು 20ರಲ್ಲಿ 7 ಬಂದರೆ ಶೇ. 40. ಇದು ವರ್ಷಗಟ್ಟಲೆ ನರಳಿದವರಿಗಾಗಿ ಮಾಡಿದ ಅಳತೆ. ಆದರೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಮಹಿಳಾ ಪರಿಹಾರ ಯೋಜನೆಯ ಪಟ್ಟಿಯಲ್ಲಿ 'ಪುನರ್ವಸತಿ ಬೇಕಾಗುವ ಯಾವುದೇ ಮಾನಸಿಕ ಹಾನಿ' ಎಂದು ಪ್ರತ್ಯೇಕವಾಗಿಯೇ ಇದೆ, 1ರಿಂದ 2 ಲಕ್ಷ ರೂಪಾಯಿ. ಅಲ್ಲಿ ಪರ್ಸೆಂಟ್ ಕೇಳಿಲ್ಲ. ಆಪ್ತಸಮಾಲೋಚನೆಯ ಖರ್ಚನ್ನೂ ಗಮನಿಸಬೇಕು ಎಂದಿದೆ.

ಬ್ರಿಟನ್ನಿನ 2012ರ ಯೋಜನೆ ಇನ್ನೂ ಸ್ಪಷ್ಟ. ದಿನನಿತ್ಯದ ಕೆಲಸಕ್ಕೆ ಗಣನೀಯ ತೊಂದರೆಯಾಗಿರಬೇಕು, ಮನೋವೈದ್ಯರು ಅಥವಾ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ದೃಢಪಡಿಸಬೇಕು. 6 ವಾರಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ನನಗೆ ಇದು ಸ್ವಲ್ಪ ಕಠೋರವೆನಿಸಿತು, ಆದರೆ ಏನನ್ನು ತೋರಿಸಬೇಕು ಎಂದಾದರೂ ಮೊದಲೇ ಗೊತ್ತಿರುತ್ತದೆ. ಕೈಗೆ ಸಿಗದ ಗುಡ್‌ವಿಲ್‌ಗೂ ನಾವು ಲೆಕ್ಕಶಾಸ್ತ್ರದಲ್ಲಿ ಬೆಲೆ ಕಟ್ಟುತ್ತೇವಲ್ಲ, ಹಿಂದಿನ ವರ್ಷಗಳ ಲಾಭ ನೋಡಿ!

ಹಾಗಾಗಿ ಎರಡನೇ ಅರ್ಜಿಯಲ್ಲಿ ಪದ ಹುಡುಕಲಿಲ್ಲ. ಖಾಲಾ ಅವರ ಹೊಲಿಗೆ ನೋಟ್‌ಬುಕ್ ನೋಡಿ, ಘಟನೆಗೆ ಮುಂಚಿನ ಮೂರು ತಿಂಗಳು ಮತ್ತು ನಂತರದ ಮೂರು ತಿಂಗಳ ಆರ್ಡರ್‌ಗಳನ್ನು ಎದುರುಬದುರು ಬರೆದೆ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಚೀಟಿ ಲಗತ್ತಿಸಿದೆವು. ಆಸ್ಪತ್ರೆಗೆ ಹೊರಡಲು ಖಾಲಾ ಒಪ್ಪಿದ್ದೇ ಅಮ್ಮಿ ಕೈ ಹಿಡಿದುಕೊಂಡ ಮೇಲೆ.

ವಿಚಾರಣೆ 2 ತಿಂಗಳೊಳಗೆ ಮುಗಿಯಬೇಕೆಂದು ಕಾನೂನು ಹೇಳುತ್ತದೆ. ಇವತ್ತಿಗೆ ನಲವತ್ತೊಂದು ದಿನ. ನಿನ್ನೆ ಖಾಲಾ ನನ್ನ ಯೂನಿಫಾರ್ಮಿನ ತೋಳು ಹೊಲಿದುಕೊಟ್ಟರು, ಬಾಗಿಲು ಮುಚ್ಚಿಕೊಂಡು.