ಬಾಗಿಲಲ್ಲಿ ಕೂತ ಸಿಂದಬಾದ್

ಮಗಳಿಗೆ ಸಿಂದಬಾದನ ಕಥೆ ಹೇಳುವಾಗೆಲ್ಲ ನನ್ನ ಕಣ್ಣಿಗೆ ಕಟ್ಟುವವನು ನಾವಿಕನಲ್ಲ. ಬಾಗ್ದಾದಿನ ಆ ಹಮಾಲಿ. ಅವನ ಹೆಸರೂ ಸಿಂದಬಾದೇ! ಬಿಸಿಲಲ್ಲಿ ಹೊರೆ ಹೊತ್ತು ಸಾಕಾಗಿ, ಸಾಹುಕಾರನ ಬಾಗಿಲಲ್ಲಿ ಕೂತು, ಅವನಿಗೆ ಸುಖ ನನಗೆ ಹೊರೆ, ಯಾಕಪ್ಪಾ ಎಂದು ಗೊಣಗಿದ. ಒಳಗಿದ್ದ ನಾವಿಕನ ಕಿವಿಗೆ ಬಿತ್ತು. ಅವನೋ ಬೈಯಲಿಲ್ಲ, ಕರೆದು ಊಟ ಹಾಕಿ, ಏಳು ಯಾನಗಳ ಕಷ್ಟ ಹೇಳಿಕೊಂಡು, ದಿನಕ್ಕೆ 100 ಚಿನ್ನದ ನಾಣ್ಯ ಕೊಟ್ಟು ಕಳಿಸಿದ.

ಹೋದ ಜನವರಿಯಲ್ಲಿ ಗಾಂಧಿಬಜಾರಿನಿಂದ ಎರಡು ಚೀಲ ಹೊತ್ತು ಬಂದು, ಜಗಲಿ ಮೇಲೆ ಕುಸಿದು ನಾನೂ ಹಾಗೇ ಗೊಣಗಿದೆ. ಅಮೆರಿಕದಿಂದ ಬಂದಿದ್ದ ಅಕ್ಕ ಕೇಳಿಸಿಕೊಂಡುಬಿಟ್ಟಳು. ಅಯ್ಯೋ, ನಾಚಿಕೆ! ಕಾಫಿ ಕುಡಿಯುತ್ತಾ ಅವಳು ಅಲ್ಲಿನ ಮೊದಲ ಚಳಿಗಾಲ, ಹತ್ತಿರ ಯಾರೂ ಇಲ್ಲದೆ ಹೆತ್ತದ್ದು ಎಲ್ಲ ಹೇಳಿದಳು. ಇಪ್ಪತ್ತು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಇಬ್ಬರೂ ಅವರೆಕಾಯಿ ಸುಲಿದೆವು.